ಕತೆ ಮುಗಿದ ಮೇಲೂ ಓಡುವ ಕಂತುಗಳು

‘ಮನೋರಥಂಗಳ್’ ಎಂಬ ಮಲಯಾಳ ಸರಣಿಯನ್ನು 2024ರ ಆಗಸ್ಟ್‌ನಲ್ಲಿ ಝೀ5 ಓಟಿಟಿಯಲ್ಲಿ ಬಿಡುಗಡೆಯಾದಾಗಲೇ ನೋಡಿದ್ದೆ, ಈ ಮಳೆಗಾಲದಲ್ಲಿ ಅಮ್ಮನ ಜೊತೆ ಮತ್ತೆ ನೋಡಿದೆ. ಮಲಯಾಳದ ಹೆಸರಾಂತ ಕತೆಗಾರ ಎಂ.ಟಿ. ವಾಸುದೇವನ್ ನಾಯರ್ ಅವರ ಒಂಬತ್ತು ಕತೆಗಳು, ಎಂಟು ಮಂದಿ ನಿರ್ದೇಶಕರು. ಕೇರಳದ ಕಾಸರಗೋಡಿನ ಬದಿಯಡ್ಕದ ಕಡೆಯ ನಮ್ಮಂಥ ಕನ್ನಡದ ಮನೆಗಳಲ್ಲಿ ಮಲಯಾಳ ಓದಲು ತಡವರಿಸಿದರೂ ಕೇಳಿದರೆ ತಿಳಿಯುತ್ತದೆ. ಹಾಗಾಗಿ ಡಬ್ಬಿಂಗ್‌ನ ಗೊಡವೆಗೆ ಹೋಗಲಿಲ್ಲ.

ಎರಡನೆಯ ಸಲವೂ ಉಳಿದುಕೊಂಡದ್ದು ಮಹೇಶ್ ನಾರಾಯಣನ್ ನಿರ್ದೇಶನದ ‘ಷೆರ್ಲಾಕ್’. ಅಮೆರಿಕದ ಅಕ್ಕನ ಮನೆಗೆ ಬಂದಿಳಿದ ಬಾಲುವಿನ ಪಾತ್ರದಲ್ಲಿ ಫಹಾದ್ ಫಾಸಿಲ್, ಅಕ್ಕನಾಗಿ ನದಿಯಾ ಮೊಯ್ದು. ಅಕ್ಕ ಕೆಲಸಕ್ಕೆ ಹೋದರೆ ಮನೆಯಲ್ಲಿ ಉಳಿಯುವುದು ಅವನೂ ಷೆರ್ಲಾಕ್ ಎಂಬ ಬೆಕ್ಕೂ. ಅವನು ಏನು ಮಾಡಿದರೂ ಅದು ಲೆಕ್ಕವಿಡುತ್ತಿದೆ ಎನ್ನಿಸುತ್ತದೆ. ಫಹಾದ್ ಮಾತಾಡುವುದು ಕಡಿಮೆ. ಪರರ ಮನೆಯಲ್ಲಿ ಕೈಕಾಲು ಎಲ್ಲಿಡಬೇಕೆಂದು ತಿಳಿಯದವನ ಇರಸುಮುರಸೆಲ್ಲ ಅವರ ಕಣ್ಣಿನಲ್ಲೇ ಇದೆ. “ಆ ಬೆಕ್ಕನ್ನು ಮೊದಲು ಹೊರಗೆ ಹಾಕಬಾರದೇ?” ಎಂದು ಅಮ್ಮ ರೇಗಿದರು. ಇದಕ್ಕಿಂತ ದೊಡ್ಡ ಪ್ರಶಸ್ತಿ ಆ ಕಂತಿಗೆ ಬೇಕಿಲ್ಲ.

‘ಓಳವುಂ ತೀರವುಂ’ ಬಗ್ಗೆ ನನಗೆ ತಕರಾರಿದೆ. ಇದೇ ಕತೆ 1970ರಲ್ಲಿ ಪಿ.ಎನ್. ಮೇನೋನ್ ನಿರ್ದೇಶನದಲ್ಲಿ ಸಿನಿಮಾ ಆಗಿತ್ತು. ಪ್ರಿಯದರ್ಶನ್ ಮತ್ತೆ ಕಪ್ಪು ಬಿಳುಪಿನಲ್ಲೇ ತೆಗೆದಿದ್ದಾರೆ. ಮಳೆ, ಹೊಳೆ, ದೋಣಿ ಎಲ್ಲವೂ ಗೋಡೆಗೆ ತೂಗುಹಾಕುವಷ್ಟು ಚೆನ್ನ. ಆದರೆ ಚಂದ ಹೆಚ್ಚಾದಂತೆ ನಾಯಕಿ ನಬೀಸಾಳ ಸಂಕಟ ದೂರ ಸರಿಯುತ್ತದೆ. ಮೋಹನ್‌ಲಾಲ್ ಎಷ್ಟೇ ಸಲೀಸಾಗಿ ನಟಿಸಿದರೂ ಅವರ ವಯಸ್ಸು ಆ ಪ್ರೇಮಕ್ಕೆ ಭಾರವಾಗಿದೆ. ಮಮ್ಮುಟ್ಟಿಯ ‘ಕಡುಗಣ್ಣಾವ’ದಲ್ಲಿ ಈ ತೊಡಕಿಲ್ಲ. ಅಪ್ಪ ಹಿಂದೊಮ್ಮೆ ಸಿಂಹಳದಿಂದ ಕರೆತಂದಿದ್ದ ಹುಡುಗಿಯನ್ನು ನೆನೆದು ಶ್ರೀಲಂಕೆಗೆ ಹೋಗುವ ಪತ್ರಕರ್ತನಿಗೆ ಆ ವಯಸ್ಸೇ ಬೇಕು. ಉಳಿದ ಕೆಲವು ಕಂತುಗಳನ್ನು ನೋಡಿದರೂ ಆಯಿತು, ಬಿಟ್ಟರೂ ಆಯಿತು.

ನನ್ನ ಮುಖ್ಯ ದೂರು ಕಂತುಗಳ ಉದ್ದದ್ದು. ಸಣ್ಣ ಕತೆಯಲ್ಲಿ ಬರೆಯದೆ ಬಿಟ್ಟದ್ದಕ್ಕೂ ಬೆಲೆಯಿದೆ. ಪರದೆಯ ಮೇಲೆ ಆ ಜಾಗವನ್ನೆಲ್ಲ ಹಿನ್ನೆಲೆ ಸಂಗೀತ ತುಂಬಿಬಿಡುತ್ತದೆ. ಶಂಕರ್ ನಾಗ್ 1986ರಲ್ಲಿ ಆಗುಂಬೆಯನ್ನು ಮಾಲ್ಗುಡಿ ಮಾಡಿದಾಗ ಆರ್.ಕೆ. ನಾರಾಯಣರ ಸಣ್ಣ ಕತೆಗಳು ಹೆಚ್ಚಾಗಿ ಅರ್ಧ ಗಂಟೆಯೊಳಗೆ ಮುಗಿಯುತ್ತಿದ್ದವು. ಕತೆ ನಿಂತಲ್ಲಿ ಕಂತೂ ನಿಲ್ಲುತ್ತಿತ್ತು. ‘ಮಾಲ್ಗುಡಿ ಡೇಸ್’ ಈಗ ನೋಡಿದರೂ ಹಳತು ಎನ್ನಿಸದಿರುವುದಕ್ಕೆ ಬಾಲ್ಯದ ಮೋಹವಷ್ಟೇ ಕಾರಣವಲ್ಲ.

ಕನ್ನಡದ್ದೇ ಬೇಕೆನ್ನುವವರಿಗೆ ಕರಾವಳಿಯ ಕತೆಗಳ ‘ಏಕಂ’ ಇದೆ. ಕೊಳ್ಳುವ ವೇದಿಕೆ ಸಿಗದೆ 2024ರಲ್ಲಿ ತನ್ನದೇ ಜಾಲತಾಣದಲ್ಲಿ ಬಂದ ಸರಣಿ ಅದು. ಕನ್ನಡ ಧಾರಾವಾಹಿಗಳಿಗೆ ಸಾವಿರ ಕಂತು ಓಡಲು ಜಾಗವಿದೆ, ಇದಕ್ಕಿಲ್ಲ!

‘ಮನೋರಥಂಗಳ್’ ನೋಡಲು ಝೀ5ಗೆ ವಾರ್ಷಿಕ ಚಂದಾ ಕಟ್ಟುವ ಅಗತ್ಯವಿಲ್ಲ, ಒಂದು ತಿಂಗಳಿನದು ಸಾಕು. ಮೊದಲು ‘ಷೆರ್ಲಾಕ್’, ಆಮೇಲೆ ‘ಕಡುಗಣ್ಣಾವ’. ಮಲಯಾಳ ಕಿವಿಗೆ ಬೀಳದ ಊರಿನವರು ಅಡಿಬರಹ ಹಾಕಿಕೊಂಡು ಮೂಲದಲ್ಲೇ ನೋಡಿ.