ವಾರದ ಎನ್‌ಬಿಎ ಕಾರ್ಯಕ್ರಮ: ರ‍್ಯಾಂಕಿಂಗ್ ದಾಟಿಸಿ, ನಡುವಿನ ಇಪ್ಪತ್ತು ನಿಮಿಷ ನೋಡಿ

ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಸೀಸನ್ ನಡೆಯುವಾಗ ನಾನು ತಪ್ಪದೆ ನೋಡುವ ವಾರದ ಕಾರ್ಯಕ್ರಮ ಒಂದಿದೆ. ಒಂದೂಕಾಲು ಗಂಟೆ ನಡೆಯುತ್ತದೆ, ನಿರೂಪಕರು ಇಬ್ಬರು. ಒಬ್ಬರು ಹಿಂದೆ ಕೋಚಿಂಗ್ ಸಿಬ್ಬಂದಿಯಲ್ಲಿದ್ದವರು, ಇನ್ನೊಬ್ಬರು ವರದಿಗಾರ. ಮೊದಲು ಟೀಮುಗಳನ್ನು ವಾರ ವಾರ ಬಲದ ಕ್ರಮದಲ್ಲಿ ಜೋಡಿಸುವ ಪವರ್ ರ‍್ಯಾಂಕಿಂಗ್, ಆಮೇಲೆ ವಾರದ ಸುದ್ದಿ, ನಡುವೆ ಇಪ್ಪತ್ತು ನಿಮಿಷ ಒಂದು ಟೀಮಿನ ಆಟದ ವಿಶ್ಲೇಷಣೆ, ಕೊನೆಗೆ ನೋಡುಗರ ಪ್ರಶ್ನೆಗಳು. ಹೆಸರು ಹೇಳುವುದಿಲ್ಲ, ಮುಂದೆ ಸ್ವಲ್ಪ ಬೈಯುವುದಿದೆ. ಅದೂ ಅಲ್ಲದೆ ಇದೇ ಅಚ್ಚಿನ ಕಾರ್ಯಕ್ರಮಗಳು ಬೇಕಾದಷ್ಟಿವೆ. ನೀವು ನೋಡುವುದು ಬೇರೆಯದಾದರೂ ಇಲ್ಲಿ ಹೇಳುವ ಅರ್ಧ ಮಾತು ಅದಕ್ಕೂ ಒಪ್ಪುತ್ತದೆ.

ಇಂಥ ಕಾರ್ಯಕ್ರಮವನ್ನು ಆಯಾ ವಾರ ನೋಡಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಹೇಳುವವರು ಜೋರಾಗಿ ಹೇಳುತ್ತಾರೆ, ನಾವು ತಲೆ ಆಡಿಸುತ್ತೇವೆ. ಅದಕ್ಕೇ ನಾನು ಬೇರೆ ದಾರಿ ಹಿಡಿದೆ. 2024-25ರ ಸೀಸನ್ನಿನ ಎಪಿಸೋಡುಗಳನ್ನು, ಯಾರು ಗೆದ್ದರು ಯಾರು ಸೋತರು ಎಲ್ಲ ಗೊತ್ತಾದ ಮೇಲೆ, ಮತ್ತೆ ಹಾಕಿಕೊಂಡು ಕೂತೆ. ಹಳಸಿದ್ದು ಯಾವುದು, ಈಗಲೂ ಕೆಲಸಕ್ಕೆ ಬರುವುದು ಯಾವುದು ಅಂತ ಆಗ ತಾನಾಗಿ ತಿಳಿಯಿತು.

ಮೊದಲು ಹಳಸಿದ್ದು ರ‍್ಯಾಂಕಿಂಗ್. ಎಷ್ಟರ ಮಟ್ಟಿಗೆ ಅಂದರೆ ನಗು ಬರುತ್ತದೆ.

ಎನ್‌ಬಿಎಯಲ್ಲಿ 30 ಟೀಮುಗಳು, ಒಂದೊಂದಕ್ಕೂ 82 ಮ್ಯಾಚು. ಒಂದು ವಾರದಲ್ಲಿ ಒಂದು ಟೀಮು ಆಡುವುದು ಮೂರೋ ನಾಲ್ಕೋ ಮ್ಯಾಚು. ಅಷ್ಟರ ಮೇಲೆ ಈ ಟೀಮು ಆರು ಸ್ಥಾನ ಮೇಲೆ, ಆ ಟೀಮು ಐದು ಸ್ಥಾನ ಕೆಳಗೆ ಅಂತ ಹಾರಿಸುತ್ತಾರೆ. ಅದರಲ್ಲೂ ಈಗಿನ ಆಟ ತ್ರೀ ಪಾಯಿಂಟರ್ ಮೇಲೆ, ಅಂದರೆ ದೂರದಿಂದ ಎಸೆದು ಮೂರು ಪಾಯಿಂಟು ತರುವ ಚೆಂಡಿನ ಮೇಲೆ ನಿಂತಿದೆ. ಮೂರು ರಾತ್ರಿ ಚೆಂಡು ಬಿದ್ದರೆ ಮೇಲೆ, ಬೀಳದಿದ್ದರೆ ಕೆಳಗೆ. ಬೋಸ್ಟನ್ ಸೆಲ್ಟಿಕ್ಸ್ ಕಥೆಯನ್ನೇ ತಗೊಳ್ಳಿ. 2024ರ ಅಕ್ಟೋಬರ್ 22, ಸೀಸನ್ನಿನ ಮೊದಲ ದಿನ. ನ್ಯೂಯಾರ್ಕ್ ನಿಕ್ಸ್ ಮೇಲೆ 29 ತ್ರೀ ಪಾಯಿಂಟರ್ ಹಾಕಿ ಲೀಗಿನ ದಾಖಲೆ ಸರಿಗಟ್ಟಿದರು. 132-109ರಲ್ಲಿ ಗೆದ್ದರು. ಮೂವತ್ತನೆಯದು ಒಂದು ಬಿದ್ದರೆ ಹೊಸ ದಾಖಲೆ ಅಂತ ಸಾಲಾಗಿ ಎಸೆದರು, ಒಂದೂ ಬೀಳಲಿಲ್ಲ. ಆ ವಾರದ ಎಪಿಸೋಡಿನಲ್ಲಿ ವರದಿಗಾರ ಮಹಾಶಯರು ಕಪ್ಪನ್ನು ಬೋಸ್ಟನ್ನಿಗೆ ಕಳಿಸಿಯೇ ಬಿಟ್ಟಿದ್ದರು.

ಅದೇ ಸೀಸನ್ನಿನ ಮೇ ತಿಂಗಳು, ಕಪ್ಪಿಗಾಗಿ ಸೀಸನ್ ಕೊನೆಗೆ ನಡೆಯುವ ಪ್ಲೇಆಫ್ ಸರಣಿಗಳ ಎರಡನೇ ಸುತ್ತು, ಮೊದಲ ಮ್ಯಾಚು. ಎದುರಿಗೆ ಅದೇ ನಿಕ್ಸ್. ಸೆಲ್ಟಿಕ್ಸ್ 60 ತ್ರೀ ಎಸೆದರು, ಬಿದ್ದದ್ದು 15. 20 ಪಾಯಿಂಟ್ ಮುಂದಿದ್ದವರು ಓವರ್‌ಟೈಮಿನಲ್ಲಿ 108-105ಕ್ಕೆ ಸೋತರು. ಎರಡನೇ ಮ್ಯಾಚಿನಲ್ಲೂ 20 ಪಾಯಿಂಟ್ ಮುಂದಿದ್ದು ಸೋತರು. ರೆಗ್ಯುಲರ್ ಸೀಸನ್ನಿನಲ್ಲಿ ಇದೇ ನಿಕ್ಸನ್ನು ನಾಲ್ಕಕ್ಕೆ ನಾಲ್ಕು ಸಲ ಸೋಲಿಸಿದ್ದ ಟೀಮು ಇದು! ನಾಲ್ಕನೇ ಮ್ಯಾಚಿನಲ್ಲಿ ಸೆಲ್ಟಿಕ್ಸ್‌ನ ದೊಡ್ಡ ಆಟಗಾರ ಜೇಸನ್ ಟೇಟಂ ಹಿಮ್ಮಡಿಯ ಮೇಲಿನ ಅಕಿಲೀಸ್ ಸ್ನಾಯುರಜ್ಜು ಹರಿದುಕೊಂಡರು. ಸರಣಿ 4-2ರಲ್ಲಿ ನಿಕ್ಸ್ ಪಾಲಾಯಿತು. ಇದನ್ನು ಅಕ್ಟೋಬರಿನಲ್ಲಿ ಯಾರೂ ಊಹಿಸಲು ಆಗುತ್ತಿರಲಿಲ್ಲ, ಒಪ್ಪುತ್ತೇನೆ. ನನ್ನ ತಕರಾರು ಊಹೆ ತಪ್ಪಿತು ಅಂತಲ್ಲ. ಒಂದು ಮ್ಯಾಚಿನಲ್ಲಿ ಚೆಂಡು ಚೆನ್ನಾಗಿ ಬಿದ್ದದ್ದನ್ನು ಟೀಮಿನ ಗುಣ ಅಂತ ಮಾರುವುದು ಯಾಕೆ?

ಕಾಲೇಜಿನ ಟೂರ್ನಮೆಂಟುಗಳಲ್ಲಿ ನಾನು ಸ್ಕೋರರ್ ಮೇಜಿನ ಹಿಂದೆ ಕೂತವನು. ಕ್ವಾರ್ಟರ್ ಬದಲಾದ ಹಾಗೆ ಪೆನ್ನಿನ ಬಣ್ಣ ಬದಲಿಸುತ್ತಾ, ಫೌಲು, ಟೈಮ್‌ಔಟು, ಬಿದ್ದ ಪಾಯಿಂಟು ಎಲ್ಲ ಗುರುತು ಹಾಕಿಕೊಂಡವನು. ಅಲ್ಲಿ ಕೂತವರಿಗೆ ಒಂದು ಚಟ ಅಂಟುತ್ತದೆ. ಸ್ಕೋರಿಗಿಂತ ಜಾಸ್ತಿ, ಸ್ಕೋರು ಹೇಗೆ ಬಂತು ಅಂತ ಕಣ್ಣು ಹೋಗುತ್ತದೆ. ಬಹುಶಃ ಅದಕ್ಕೇ ರ‍್ಯಾಂಕಿಂಗ್ ನನಗೆ ಆಗಿಬರುವುದಿಲ್ಲ.

ಸುದ್ದಿಯ ಭಾಗಕ್ಕೆ ಬರೋಣ. ಇದು ಸುಮ್ನೆ ವ್ಯರ್ಥ ಅನ್ನಲಾರೆ, ಆದರೆ ವಾರಕ್ಕೊಮ್ಮೆ ಬರುವವರಿಗೆ ಸುದ್ದಿ ಸಿಗುವುದೇ ಇಲ್ಲ. 2025ರ ಫೆಬ್ರುವರಿ 1, ಶನಿವಾರ ತಡರಾತ್ರಿ, ಅಮೆರಿಕದ ಹೊತ್ತಿನಲ್ಲಿ, ದೊಡ್ಡ ಆಟಗಾರ ಲೂಕಾ ಡಾನ್ಚಿಚ್ ಟ್ರೇಡ್ (ಟೀಮುಗಳು ಆಟಗಾರರನ್ನು ಅದಲುಬದಲು ಮಾಡಿಕೊಳ್ಳುವುದು) ಸುದ್ದಿ ಸಿಡಿಯಿತು. ಡಾಲಸ್‌ನಿಂದ ಲಾಸ್ ಏಂಜಲೀಸ್ ಲೇಕರ್ಸ್‌ಗೆ. ಬದಲಿಗೆ ಡಾಲಸ್‌ಗೆ ಹೋದವರು ಆಂಟನಿ ಡೇವಿಸ್, ಮ್ಯಾಕ್ಸ್ ಕ್ರಿಸ್ಟಿ, ಜೊತೆಗೆ 2029ರ ಡ್ರಾಫ್ಟಿನಲ್ಲಿ, ಅಂದರೆ ಹೊಸ ಆಟಗಾರರನ್ನು ಆರಿಸುವಲ್ಲಿ, ಮೊದಲ ಸುತ್ತಿನ ಒಂದು ಪಿಕ್. ನಮ್ಮ ಕಾರ್ಯಕ್ರಮ ರೆಕಾರ್ಡ್ ಆಗುವುದು ಶನಿವಾರ ಹಗಲು, ಹೊರಬರುವುದು ಭಾನುವಾರ. ಅವತ್ತು ಬಂದ ಎಪಿಸೋಡಿನಲ್ಲಿ ಇಬ್ಬರೂ ಕೂತು ಒಂದು ಗಂಭೀರ ಚರ್ಚೆ ನಡೆಸಿದ್ದರು: ಕ್ರಿಸ್‌ಮಸ್ ದಿನ ಮೀನಖಂಡಕ್ಕೆ ಪೆಟ್ಟು ಮಾಡಿಕೊಂಡ ಲೂಕಾ ವಾಪಸ್ ಬಂದ ಮೇಲೆ ಡಾಲಸ್ ಹೇಗೆ ಆಡಬೇಕು, ಕೈರಿ ಅರ್ವಿಂಗ್ ಜೊತೆ ನಿಮಿಷ ಹೇಗೆ ಹಂಚಬೇಕು. ಲೋಕವೆಲ್ಲ ಹುಚ್ಚೆದ್ದು ಕುಣಿಯುವಾಗ ಇವರು ಇಲ್ಲದ ಮದುವೆಗೆ ಚಪ್ಪರ ಹಾಕುತ್ತಿದ್ದರು. ತಮಾಷೆ ಬಿಡಿ, ಮಾರನೇ ದಿನ ಒಂದು ಪುಟ್ಟ ಎಪಿಸೋಡು ಬಿಟ್ಟಿದ್ದರೆ ಆಗುತ್ತಿತ್ತು. ಬಿಡಲಿಲ್ಲ. ಮುಂದಿನ ಭಾನುವಾರದ ತನಕ ಕಾಯಿಸಿದರು. ಅಷ್ಟರಲ್ಲಿ ಆ ಟ್ರೇಡ್ ಬಗ್ಗೆ ಹೇಳಲು ಉಳಿದಿದ್ದಾದರೂ ಏನು?

ಇಷ್ಟೆಲ್ಲ ಬೈದೂ ಯಾಕೆ ನೋಡುತ್ತೇನೆ? ಕೋಚಿಂಗ್ ಸಿಬ್ಬಂದಿಯಿಂದ ಬಂದ ನಿರೂಪಕರ, ಅಂದರೆ ನಮ್ಮ ಕೋಚ್ ಅವರ, ನಡುವಿನ ಆ ಇಪ್ಪತ್ತು ನಿಮಿಷಕ್ಕೆ.

ಇಂಡಿಯಾನಾ ಪೇಸರ್ಸ್ ಉದಾಹರಣೆ ಕೊಡುತ್ತೇನೆ. 2024ರ ಡಿಸೆಂಬರ್ ಮೊದಲ ಭಾಗದಲ್ಲಿ ಅವರ ಲೆಕ್ಕ 10 ಗೆಲುವು, 15 ಸೋಲು. ಹಿಂದಿನ ವರ್ಷ ಈಸ್ಟರ್ನ್ ಕಾನ್ಫರೆನ್ಸ್ ಫೈನಲ್, ಅಂದರೆ ಫೈನಲ್ಸ್‌ಗೆ ಒಂದೇ ಮೆಟ್ಟಿಲು ಕೆಳಗಿನ ಸುತ್ತು, ಆಡಿದ ಟೀಮು. ವರದಿಗಾರರು ರ‍್ಯಾಂಕಿಂಗಿನಲ್ಲಿ ಅವರನ್ನು ತಳಕ್ಕೆ ತಳ್ಳಿ, ಹೋದ ವರ್ಷದ್ದು ಅದೃಷ್ಟ ಅಂತ ಷರಾ ಬರೆದರು. ಆದರೆ ಅದೇ ಎಪಿಸೋಡಿನ ನಡುವೆ ಕೋಚ್ ಬಂದು ಪರದೆಯ ಮೇಲೆ ಆಟದ ಎರಡೇ ಎರಡು ತುಣುಕು ಹಾಕಿದರು.

ಮೊದಲನೆಯದರಲ್ಲಿ ಎದುರಾಳಿ ಬಾಸ್ಕೆಟ್ ಹಾಕುತ್ತಾನೆ. ಸಾಮಾನ್ಯವಾಗಿ ಅಲ್ಲಿ ಎಲ್ಲರೂ ಒಂದು ಉಸಿರು ಬಿಡುತ್ತಾರೆ. ಚೆಂಡು ಬಲೆಯಿಂದ ಕೆಳಗಿಳಿಯುವ ಹೊತ್ತಿಗೆ ಪೇಸರ್ಸ್ ದೊಡ್ಡಾಳು ಮೈಲ್ಸ್ ಟರ್ನರ್ ಅದನ್ನು ಹಿಡಿದು, ಮತ್ತೆ ಅಂಗಳದೊಳಗೆ ಎಸೆಯಲು ಗೆರೆಯಾಚೆ ಕಾಲಿಟ್ಟಾಗಿರುತ್ತದೆ. ಟೈರೀಸ್ ಹ್ಯಾಲಿಬರ್ಟನ್ ಆಗಲೇ ಮುಖ ತಿರುಗಿಸಿ ಓಡುತ್ತಿರುತ್ತಾನೆ. ಕೋಚ್ ಅಲ್ಲಿ ಚಿತ್ರ ನಿಲ್ಲಿಸಿ ಚೆಂಡು ಎಸೆಯಲು ಎಷ್ಟು ಹೊತ್ತು ಉಳಿದಿದೆ ಅಂತ ತೋರಿಸುವ 24 ಸೆಕೆಂಡಿನ ಗಡಿಯಾರಕ್ಕೆ ಒಂದು ಸುತ್ತು ಹಾಕಿದರು. ಇನ್ನೂ 20ಕ್ಕಿಂತ ಜಾಸ್ತಿ ಸೆಕೆಂಡು ಉಳಿದಿವೆ, ಚೆಂಡು ಆಗಲೇ ಅರ್ಧ ಅಂಗಳ ದಾಟಿದೆ. ಬಾಸ್ಕೆಟ್ ಹಾಕಿದ ಎದುರಾಳಿ ಇನ್ನೂ ತಿರುಗಿಕೊಳ್ಳುತ್ತಿದ್ದಾನೆ.

ಎರಡನೆಯದು ಇದರ ಉಲ್ಟಾ. ಈಗ ಚೆಂಡು ಎದುರಾಳಿಯದು. ಆಂಡ್ರೂ ನೆಂಬಾರ್ಡ್ ಅವನನ್ನು ಅಂಗಳದ ಆ ತುದಿಯಿಂದಲೇ ಹಿಡಿದುಕೊಳ್ಳುತ್ತಾನೆ. ಚೆಂಡು ಕಸಿಯಲು ಹೋಗುವುದೇ ಇಲ್ಲ. ಎದೆಗೆ ಎದೆ ಕೊಟ್ಟು, ಅಂಕುಡೊಂಕಾಗಿ ನಡೆಯುವ ಹಾಗೆ ಮಾಡುತ್ತಾನೆ, ಅಷ್ಟೇ. 8 ಸೆಕೆಂಡಿನೊಳಗೆ ಅರ್ಧ ಅಂಗಳ ದಾಟಬೇಕು ಅನ್ನುವ ನಿಯಮ ಇದೆಯಲ್ಲ, ಆ ಹುಡುಗ ಅದರ ಅಂಚಿಗೆ ಬಂದು ದಾಟುತ್ತಾನೆ. ಆಟ ಕಟ್ಟಲು ಉಳಿದ ಸಮಯ ಅಷ್ಟು ಕಡಿಮೆ. ಇದರಿಂದ ಒಂದು ಪಾಯಿಂಟೂ ಬರಲಿಲ್ಲ, ಅಂಕಿಅಂಶದ ಹಾಳೆಯಲ್ಲಿ ಏನೂ ಬೀಳಲಿಲ್ಲ. ಇದನ್ನೇ ಒಂದು ರಾತ್ರಿಯಿಡೀ ಮಾಡಿದರೆ ನಾಲ್ಕನೇ ಕ್ವಾರ್ಟರಿನಲ್ಲಿ ಎದುರಾಳಿಯ ಕಾಲು ಹೇಗಿರುತ್ತದೆ ಯೋಚಿಸಿ ಅಂದರು ಕೋಚ್. ಜೊತೆಗೆ ಇನ್ನೊಂದು ಮಾತು: ನೆಂಬಾರ್ಡ್ ನಡುವೆ ಪೆಟ್ಟಾಗಿ ಹೊರಗಿದ್ದರು, ಆರನ್ ನೆಸ್ಮಿತ್ ಇನ್ನೂ ಬಂದಿಲ್ಲ, ಬದಲಿ ದೊಡ್ಡಾಳುಗಳಾದ ಐಸಾಯಾ ಜಾಕ್ಸನ್, ಜೇಮ್ಸ್ ವೈಸ್‌ಮನ್ ಇಬ್ಬರಿಗೂ ಸೀಸನ್ ಶುರುವಿನಲ್ಲೇ ಅಕಿಲೀಸ್ ಹರಿದಿದೆ. ಈ ಆಟ ಆಡಲು ಆಳು ಬೇಕು, ಆಳು ಬರಲಿ ಆಮೇಲೆ ನೋಡೋಣ.

ಆಳು ಬಂದರು. ಪೇಸರ್ಸ್ 50-32ರಲ್ಲಿ ಸೀಸನ್ ಮುಗಿಸಿದರು. ಸೀಸನ್ನಿನ ಶುರುವಿನಲ್ಲಿ 15-0 ಓಡಿ ಒಟ್ಟು 64 ಮ್ಯಾಚು ಗೆದ್ದಿದ್ದ ಕ್ಲೀವ್‌ಲ್ಯಾಂಡನ್ನು ಪ್ಲೇಆಫ್ ಸರಣಿಯಲ್ಲಿ ಐದೇ ಮ್ಯಾಚಿನಲ್ಲಿ ಮನೆಗೆ ಕಳಿಸಿದರು. ಆ ಸರಣಿಯ ಎರಡನೇ ಮ್ಯಾಚಿನಲ್ಲಿ ಹ್ಯಾಲಿಬರ್ಟನ್ ಗೆಲುವಿನ ಚೆಂಡು ಹಾಕಿದಾಗ ಉಳಿದಿದ್ದು 1.1 ಸೆಕೆಂಡು. ಫೈನಲ್ಸ್‌ನ ಮೊದಲ ಮ್ಯಾಚಿನಲ್ಲಿ ಓಕ್ಲಹೋಮಾ ಸಿಟಿ ಥಂಡರ್ ಮೇಲೆ 111-110, ಉಳಿದಿದ್ದು 0.3 ಸೆಕೆಂಡು. ಇವನ್ನು ಬರೀ ಪವಾಡ ಅಂತ ನೋಡಿದವರು ಬಹಳ. ಡಿಸೆಂಬರಿನ ಆ ಎರಡು ತುಣುಕು ನೋಡಿದವರಿಗೆ ಹಾಗೆ ಅನ್ನಿಸಿರಲಿಕ್ಕಿಲ್ಲ. ಆ ಎಪಿಸೋಡು ಈಗಲೂ ಹೊಸದರ ಹಾಗೇ ಇದೆ, ರ‍್ಯಾಂಕಿಂಗ್ ಭಾಗ ಬಿಟ್ಟು.

ಅಂಕಿಅಂಶದಲ್ಲೂ ಕೋಚ್ ಹದ ಬಲ್ಲವರು. ನೆಟ್ ರೇಟಿಂಗ್ ಅಂದರೆ 100 ಪೊಸೆಷನ್ನಿಗೆ (ಚೆಂಡು ಟೀಮಿನ ಕೈಗೆ ಬಂದ 100 ಸರದಿಗೆ) ಎಷ್ಟು ಪಾಯಿಂಟು ತಂದರು, ಎಷ್ಟು ಬಿಟ್ಟುಕೊಟ್ಟರು, ಎರಡರ ನಡುವಿನ ಅಂತರ ಎಷ್ಟು. ವೇಗವಾಗಿ ಆಡುವ ಟೀಮನ್ನೂ ನಿಧಾನದ ಟೀಮನ್ನೂ ಒಂದೇ ತಕ್ಕಡಿಯಲ್ಲಿಡಲು ಇದೇ ದಾರಿ. ಅದನ್ನು ಒಂದು ವಾರಕ್ಕೆ ಹೇಳುವುದೇ ಇಲ್ಲ ಅವರು, ಇಪ್ಪತ್ತು ಮ್ಯಾಚು ಆಗಲಿ ಅನ್ನುತ್ತಾರೆ. ಥಂಡರ್ ಆ ವರ್ಷ 68-14, ಮ್ಯಾಚಿಗೆ ಸರಾಸರಿ 12.9 ಪಾಯಿಂಟಿನ ಅಂತರ. 1971-72ರ ಲೇಕರ್ಸ್ ದಾಖಲೆಯನ್ನೇ ಮುರಿದದ್ದು. ಅಂಥ ಟೀಮಿಗೂ ಕಪ್ ಎತ್ತಲು ಫೈನಲ್ಸ್ ಏಳನೇ ಮ್ಯಾಚಿನ ತನಕ ಹೋಗಬೇಕಾಯಿತು, ಅಲ್ವಾ.

ಬ್ಯಾಕ್ ಟು ಬ್ಯಾಕ್, ಅಂದರೆ ಸಾಲಾಗಿ ಎರಡು ದಿನ ಮ್ಯಾಚು ಆಡುವುದರ ಬಗ್ಗೆ ಇವರಷ್ಟು ಚೆನ್ನಾಗಿ ಹೇಳುವವರು ಕಡಿಮೆ. ನಿನ್ನೆ ಒಂದು ಊರು, ಇವತ್ತು ಇನ್ನೊಂದು ಊರು, ಎದುರಾಳಿ ಎರಡು ದಿನ ಮಲಗಿ ಎದ್ದವರು. ಆ ಸೋಲಿಗೆ ಎಷ್ಟು ಬೆಲೆ? ಪ್ರತಿ ವಾರ ಎರಡು ನಿಮಿಷ ಇದಕ್ಕೆ ಕೊಡುತ್ತಾರೆ. ಹತ್ತು ಕೊಡಲಿ ಅಂತ ನನ್ನಾಸೆ.

ಸಣ್ಣ ಊರಿನ ಟೀಮುಗಳ ವಿಷಯದಲ್ಲಿ, ಹೆಸರು ಮಂಕಾದ ಟೀಮುಗಳ ವಿಷಯದಲ್ಲಿ ಮಾತ್ರ ಈ ಕಾರ್ಯಕ್ರಮಕ್ಕೆ ಕಣ್ಣೇ ಇಲ್ಲ. ಪ್ರತಿ ವಾರ ಲೇಕರ್ಸ್ ಇದ್ದೇ ಇರಬೇಕು. ಡೆಟ್ರಾಯ್ಟ್ ಪಿಸ್ಟನ್ಸ್ 2023-24ರಲ್ಲಿ ಸತತ 28 ಮ್ಯಾಚು ಸೋತಾಗ ವಾರ ವಾರ ನಗೆ ಚಟಾಕಿ ಇತ್ತು. ಆ ವರ್ಷ ಅವರದು 14-68. ಮುಂದಿನ ವರ್ಷ ಹೊಸ ಕೋಚ್ ಜೆ.ಬಿ. ಬಿಕರ್‌ಸ್ಟಾಫ್ ಬಂದರು, ಕೇಡ್ ಕನಿಂಗ್‌ಹ್ಯಾಮ್ ಮ್ಯಾಚಿಗೆ 26 ಪಾಯಿಂಟಿನಂತೆ ಆಡಿದ, ಟೀಮು 44-38ಕ್ಕೆ ಎದ್ದು ಪ್ಲೇಆಫ್ ಸೇರಿತು. ಗೆಲುವು ಮೂರು ಪಟ್ಟಿಗೂ ಜಾಸ್ತಿ! ನಿಕ್ಸ್ ಮೇಲೆ ಒಂದು ಮ್ಯಾಚು ಗೆದ್ದು, 2008ರಿಂದ ಎಳೆದುಕೊಂಡು ಬಂದಿದ್ದ ಪ್ಲೇಆಫ್ ಸೋಲಿನ ಸಾಲನ್ನು ಮುರಿದರು. ಇದಕ್ಕೆ ಸಿಕ್ಕಿದ್ದು ಸುದ್ದಿಯ ಕೊನೆಯಲ್ಲಿ ಒಂದು ಸಾಲು. ನಗುವಾಗ ಇದ್ದ ಸಮಯ ಎದ್ದಾಗ ಎಲ್ಲಿ ಹೋಯಿತು?

ಇನ್ನು ಬೆಟ್ಟಿಂಗ್. ಕಾರ್ಯಕ್ರಮದ ನಡುವೆ ಮೂರು ಕಡೆ ಬೆಟ್ಟಿಂಗ್ ಜಾಹೀರಾತು. ಅದು ಅವರ ಹೊಟ್ಟೆಪಾಡು, ಇರಲಿ. ಆದರೆ ವರದಿಗಾರರು ಗಾಯಾಳುಗಳ ಪಟ್ಟಿ ಓದುವಾಗಲೂ ಇದರಿಂದ ಯಾವ ಬೆಟ್ ಲಾಭ ಅಂತ ಸೇರಿಸುತ್ತಾರೆ. ಟೊರಾಂಟೊ ರ‍್ಯಾಪ್ಟರ್ಸ್‌ನ ಜಾಂಟೆ ಪೋರ್ಟರ್‌ಗೆ 2024ರ ಏಪ್ರಿಲ್‌ನಲ್ಲಿ ಎನ್‌ಬಿಎ ಆಜೀವ ನಿಷೇಧ ಹಾಕಿದ್ದು ಇಂಥದ್ದಕ್ಕೇ. ತನ್ನ ಆರೋಗ್ಯದ ಗುಟ್ಟನ್ನು ಬೆಟ್ ಕಟ್ಟುವವರಿಗೆ ಕೊಟ್ಟದ್ದಕ್ಕೆ, ಬೇಗ ಆಟ ಬಿಟ್ಟು ಹೋದದ್ದಕ್ಕೆ. ಆ ಸುದ್ದಿಯನ್ನು ಮುಖ ಗಂಟಿಕ್ಕಿಕೊಂಡು ಓದಿದ ಮರುನಿಮಿಷವೇ ಬೆಟ್ಟಿಂಗ್ ಜಾಹೀರಾತು ಬಂತು. ಯಾರಿಗೂ ಮುಜುಗರ ಆದ ಹಾಗೆ ಕಾಣಲಿಲ್ಲ.

ದುಡ್ಡು ಕೊಟ್ಟವರಿಗೆ ಒಂದು ಹೆಚ್ಚುವರಿ ಎಪಿಸೋಡು ಇದೆ. ತಗೊಂಡು ನೋಡಿದೆ. ಬರೀ ಟ್ರೇಡ್ ಗಾಳಿಸುದ್ದಿ ಮತ್ತು ಇನ್ನೊಂದು ರ‍್ಯಾಂಕಿಂಗ್, ಈ ಸಲ ಆಟಗಾರರದ್ದು. ಬೇಡ. ಉಚಿತವಾಗಿ ಸಿಗುವುದರಲ್ಲೇ ಸಾರ ಇದೆ.

ಹೊಸಬರಿಗೆ ಹೇಳುವುದಾದರೆ, ಶುರುವಿನ ಅರ್ಧ ಗಂಟೆ ದಾಟಿಸಿ ಕೋಚ್ ಬರುವಲ್ಲಿಂದ ಶುರು ಮಾಡಿ. ನೋಡುಗರ ಪ್ರಶ್ನೆಗಳ ಭಾಗ ಒಂದೊಂದು ವಾರ ಚೆನ್ನಾಗಿರುತ್ತದೆ, ಪ್ರಶ್ನೆ ಕೇಳಿದವರನ್ನು ಅವಲಂಬಿಸಿ. ಡೆನ್ವರ್ ನಗೆಟ್ಸ್ 2025ರ ಏಪ್ರಿಲ್‌ನಲ್ಲಿ, ಸೀಸನ್ ಮುಗಿಯಲು ಮೂರೇ ಮ್ಯಾಚು ಇರುವಾಗ, ಕಪ್ ಗೆಲ್ಲಿಸಿಕೊಟ್ಟ ಕೋಚ್ ಮೈಕಲ್ ಮಲೋನ್ ಅವರನ್ನೇ ತೆಗೆದುಹಾಕಿದ ವಾರದ್ದು ಸಿಕ್ಕರೆ ನೋಡಿ. ಮೂರು ಮ್ಯಾಚಿನಲ್ಲಿ ಹೊಸ ಕೋಚ್ ಏನು ಬದಲಿಸಬಹುದು, ಏನು ಬದಲಿಸಲಾಗದು ಅಂತ ಒಬ್ಬರು ಕೇಳಿದ್ದರು. ಬೆಂಚಿನಲ್ಲಿ ಕೂತು ಬಂದವರು ಮಾತ್ರ ಕೊಡಬಹುದಾದ ಉತ್ತರ ಅದು.

ಮತ್ತೆ, ಇದನ್ನು ವಿಡಿಯೊದಲ್ಲೇ ನೋಡಿ. ಆಡಿಯೊ ಕೂಡ ಸಿಗುತ್ತದೆ, ಆದರೆ ಅದರಲ್ಲಿ ಆ ಇಪ್ಪತ್ತು ನಿಮಿಷವೂ “ಇಲ್ಲಿ ನೋಡಿ, ಇವನು ಇಲ್ಲಿಂದ ಅಲ್ಲಿಗೆ ಬಂದ, ಆಗ ಅವನು ಅಲ್ಲಿಂದ ಇಲ್ಲಿಗೆ” ಅಂತಲೇ ಕೇಳಿಸುತ್ತದೆ.