ಲೇಕ್ ಪೊವೆಲ್‌ನಲ್ಲಿ ಪಾಂಟೂನ್ ದೋಣಿ ಬಾಡಿಗೆ: ನಾಯಿ ಸಾಕಿದವರ ಕಣ್ಣಲ್ಲಿ

ಐದಕ್ಕೆ ನಾಲ್ಕು ಸ್ಟಾರ್. ಒಂದು ಕಡಿಮೆ ಮಾಡಿದ್ದು ದೋಣಿಗಲ್ಲ, ಕೌಂಟರಿನವರಿಗೆ. ಆ ವಿಷಯ ಆಮೇಲೆ.

ನಾವು ಇರುವುದು ಅರಿಜೋನಾದ ಚಾಂಡ್ಲರ್‌ನಲ್ಲಿ. ಸೆಪ್ಟೆಂಬರ್ ಕೊನೆಯಲ್ಲಿ ನಾವಿಬ್ಬರು, ಮಕ್ಕಳು, ಸಾಗರದಿಂದ ಬಂದಿದ್ದ ಮಾವ ಮತ್ತು ಗುಂಡ, ಲೇಕ್ ಪೊವೆಲ್ ಕೆರೆಯ ಪಕ್ಕದ ಪೇಜ್ ಊರಿಗೆ ಹೋಗಿದ್ದೆವು. ಗುಂಡ ಅಂದರೆ ನಮ್ಮ ನಾಯಿ. ಅರ್ಧ ಲ್ಯಾಬ್, ಉಳಿದರ್ಧ ಏನೆಂದು ಶೆಲ್ಟರ್‌ನವರಿಗೂ ಗೊತ್ತಿರಲಿಲ್ಲ. ಮೂವತ್ತು ಕೆಜಿ ತೂಕ, ನೀರು ಕಂಡರೆ ನಿಲ್ಲುವವನಲ್ಲ. ಫೀನಿಕ್ಸ್ ಕಡೆಯಿಂದ ನಾಲ್ಕೂವರೆ ಗಂಟೆ ದಾರಿ. ಫ್ಲ್ಯಾಗ್‌ಸ್ಟಾಫ್ ದಾಟಿದ ಮೇಲೆ ಮರಗಳೆಲ್ಲ ಹಿಂದೆ ಉಳಿದು ಬರೀ ಕೆಂಪು ಬಂಡೆ, ಆಕಾಶ.

ಪೇಜ್‌ಗೆ ಹೋಗುವವರೆಲ್ಲ ಆಂಟಿಲೋಪ್ ಕಣಿವೆ ನೋಡಲು ಹೋಗುತ್ತಾರೆ. ಅಲ್ಲಿ ನಾಯಿಗೆ ಪ್ರವೇಶವಿಲ್ಲ. ಅದು ಅಲ್ಲಿನ ಮೂಲನಿವಾಸಿಗಳಾದ ನವಾಹೋ ಜನರ ನೆಲ, ಅವರ ಗೈಡ್ ಜೊತೆಯಲ್ಲೇ ಒಳಗೆ ಹೋಗಬೇಕು. ಈ ಶಿಸ್ತು ಸುಮ್ನೆ ಅಲ್ಲ. 1997ರ ಆಗಸ್ಟ್‌ನಲ್ಲಿ ಎಲ್ಲೋ ಮೇಲ್ಗಡೆ ಸುರಿದ ಮಳೆಯ ನೀರು ನುಗ್ಗಿ ಲೋವರ್ ಆಂಟಿಲೋಪ್ ಅನ್ನುವ ಕಣಿವೆಯ ಕೆಳಭಾಗದಲ್ಲಿ 11 ಜನ ಸತ್ತಿದ್ದರು. ನಾವು ಸರದಿ ಹಾಕಿಕೊಂಡೆವು. ನಾನು ಮಕ್ಕಳ ಜೊತೆ ಒಳಗೆ, ನನ್ನ ಗಂಡ ಗುಂಡನ ಜೊತೆ ಹೊರಗೆ. ಆಮೇಲೆ ಅವರೂ ಮಾವನೂ ಒಳಗೆ. ಕಣಿವೆ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಿಂದೆ ಇರುವವರು ಮುಂದೆ ತಳ್ಳುತ್ತಿರುತ್ತಾರೆ, ಎಲ್ಲರ ಕೈಯಲ್ಲೂ ಫೋನ್. ತಿರುಪತಿ ಕ್ಯೂ ನೆನಪಾಯಿತು. ನಾಯಿಯನ್ನು ಕಾರಿನಲ್ಲಿ ಬಿಟ್ಟು ಹೋಗುವ ಯೋಚನೆಯನ್ನೇ ಮಾಡಬೇಡಿ. ಆ ಬಿಸಿಲಿಗೆ ಕಾರು ಒಲೆ.

ಹಾರ್ಸ್‌ಶೂ ಬೆಂಡ್‌ಗೆ ಗುಂಡನೂ ಬಂದ. ಬೆಲ್ಟ್ ಹಾಕಿ ಕರೆದುಕೊಂಡು ಹೋಗಬಹುದು, ಬೆಲ್ಟ್ ಆರಡಿಗಿಂತ ಉದ್ದ ಇರಬಾರದು. ಹೋಗಿ ಬರಲು ಒಂದೂವರೆ ಮೈಲಿ, ದಾರಿ ಹಸನಾಗಿದೆ, ಮಾವ ಆರಾಮಾಗಿ ನಡೆದರು. ಕೊಲರಾಡೋ ನದಿ ಸಾವಿರ ಅಡಿ ಕೆಳಗೆ ಲಾಳದ ಹಾಗೆ ತಿರುಗುತ್ತದೆ. ಕಂಬಿ ಇರುವುದು ಸ್ವಲ್ಪ ದೂರ ಮಾತ್ರ, ಉಳಿದ ಕಡೆ ಬಂಡೆಯ ಅಂಚು ತೆರೆದೇ ಇದೆ. ಬೆಲ್ಟನ್ನು ಮಕ್ಕಳ ಕೈಗೆ ಕೊಡಬೇಡಿ. ಪಾರ್ಕಿಂಗ್ ಊರಿನವರದ್ದು, ಹತ್ತು ಡಾಲರ್. ನ್ಯಾಷನಲ್ ಪಾರ್ಕ್ ಪಾಸ್ ಅಲ್ಲಿ ನಡೆಯುವುದಿಲ್ಲ. ಸೂರ್ಯ ಹುಟ್ಟುವ ಹೊತ್ತಿಗೇ ಹೋಗಿ. ಆಮೇಲೆ ಮರಳು ಕಾಯುತ್ತದೆ. ನಿಮ್ಮ ಅಂಗೈ ಹಿಂಬದಿಯನ್ನು ಮರಳಿನ ಮೇಲೆ ಐದು ಸೆಕೆಂಡ್ ಇಡಲು ಆಗದಿದ್ದರೆ ನಾಯಿಯ ಕಾಲಿಗೂ ಆಗುವುದಿಲ್ಲ.

ಈಗ ದೋಣಿ. ನನ್ನ ಪ್ರಕಾರ ನಾಯಿ ಕಟ್ಟಿಕೊಂಡು ಪೇಜ್‌ಗೆ ಹೋಗುವವರು ದುಡ್ಡು ಹಾಕಬೇಕಾದ್ದು ಇದೊಂದಕ್ಕೇ. ಪಾಂಟೂನ್ ಅಂದರೆ ಎರಡು ಅಲ್ಯೂಮಿನಿಯಂ ಕೊಳವೆಗಳ ಮೇಲೆ ಒಂದು ಚಪ್ಪಟೆ ಅಟ್ಟ. ಸುತ್ತಲೂ ಕಟಕಟೆ, ಮೇಲೆ ಬಟ್ಟೆಯ ಚಪ್ಪರ, ಕೂರಲು ಸೋಫಾ. ಜೋರಾಗಿ ಓಡುವುದಿಲ್ಲ, ಆದರೆ ಅಲುಗಾಡುವುದೂ ಕಡಿಮೆ. ಗುಂಡ ಮೊದಲು ಎಂಜಿನ್ ಸದ್ದಿಗೆ ನನ್ನ ಕಾಲ ಸಂದಿಯಲ್ಲಿ ತೂರಿಕೊಂಡಿದ್ದ. ದೋಣಿ ದಡ ಬಿಟ್ಟ ಸ್ವಲ್ಪ ಹೊತ್ತಿಗೆ ಮುಂದಿನ ಬಾಗಿಲ ಹತ್ತಿರ ಹೋಗಿ ಗಾಳಿಗೆ ಮೂಗು ಒಡ್ಡಿ ನಿಂತ.

ಆಂಟಿಲೋಪ್ ಕಣಿವೆಯ ಕೆಳತುದಿ ಕೆರೆಯಲ್ಲಿ ಮುಳುಗಿದೆ. ಅಲ್ಲಿಗೆ ದೋಣಿಯಲ್ಲಿ ಹೋಗಬಹುದು. ಎರಡೂ ಕಡೆ ಕೆಂಪು ಗೋಡೆ ಹತ್ತಿರ ಹತ್ತಿರ ಬರುತ್ತಾ ಹೋಗುತ್ತದೆ, ನೀರಿನ ಬೆಳಕು ಗೋಡೆಯ ಮೇಲೆ ಆಡುತ್ತದೆ. ಕ್ಯೂ ಇಲ್ಲ, ಗಡಿಬಿಡಿ ಇಲ್ಲ. ಕಿರಿದಾದ ಕಡೆ ಅಲೆ ಏಳದ ಹಾಗೆ ನಿಧಾನ ಹೋಗಬೇಕು, ಕಯಾಕ್‌ನವರು ಇರುತ್ತಾರೆ. ಮೇಲಿನ ಕಣಿವೆಗಿಂತ ನನಗೆ ಇದೇ ಇಷ್ಟವಾಯಿತು.

ಗೋಡೆಯ ಉದ್ದಕ್ಕೂ ಸುಣ್ಣ ಬಳಿದ ಹಾಗೆ ಬಿಳಿ ಪಟ್ಟೆ ಇದೆ. ನೀರು ಹಿಂದೆ ಅಲ್ಲಿಯವರೆಗೆ ನಿಂತಿದ್ದರ ಗುರುತು ಅದು. ಈ ಕೆರೆ ಆಗಿದ್ದೇ ಗ್ಲೆನ್ ಕ್ಯಾನಿಯನ್ ಅಣೆಕಟ್ಟಿನಿಂದ, ಅದು 710 ಅಡಿ ಎತ್ತರ. 1963ರಲ್ಲಿ ನೀರು ನಿಲ್ಲಿಸಲು ಶುರು ಮಾಡಿದರು, ಪೂರ್ತಿ ತುಂಬಿದ್ದು 1980ರಲ್ಲಿ. ಈಚಿನ ಬರಗಾಲಗಳಲ್ಲಿ ನೀರು ಇಳಿದು ಮುಳುಗಿದ್ದ ಕಣಿವೆಗಳು ಮತ್ತೆ ಮೇಲೆ ಬರುತ್ತಿವೆ. ಮಾವ ಬಹಳ ಹೊತ್ತು ಆ ಪಟ್ಟೆಯನ್ನೇ ನೋಡಿದರು. "ನೋಡಮ್ಮ, ನಮ್ಮ ಲಿಂಗನಮಕ್ಕಿಯೂ ಇದೇ ಕಾಲದ್ದು, ಅರವತ್ತನಾಲ್ಕು. ಬೇಸಿಗೇಲಿ ನೀರು ಇಳಿದರೆ ಹಳೇ ಮಡೆನೂರು ಡ್ಯಾಮು ಎದ್ದು ನಿಲ್ತದೆ" ಅಂದರು. ಆಮೇಲೆ ಯಾರ ಯಾರ ತೋಟ ಮುಳುಗಿತು, ಯಾರು ಎಲ್ಲಿಗೆ ಎದ್ದು ಹೋದರು ಅಂತ ಮಕ್ಕಳಿಗೆ ಹೇಳುತ್ತಾ ಕುಳಿತರು. ನಾನು ಎಂದೂ ಕೇಳಿರದ ಹೆಸರುಗಳು. ಚಿತ್ರಾನ್ನದ ಡಬ್ಬಿ ತೆರೆಯುವವರೆಗೂ ಆ ಮಾತು ನಿಲ್ಲಲಿಲ್ಲ.

ಒಂದು ಮರಳಿನ ದಡಕ್ಕೆ ದೋಣಿ ತಗುಲಿಸಿ ಮಧ್ಯಾಹ್ನವೆಲ್ಲ ಅಲ್ಲೇ ಇದ್ದೆವು. ಗುಂಡನಿಗೆ ಲೈಫ್ ಜಾಕೆಟ್ ಹಾಕಿದ್ದೆವು. ಬೆನ್ನ ಮೇಲೆ ಹಿಡಿಕೆ ಇರುವುದನ್ನೇ ಕೊಳ್ಳಿ. ದೋಣಿಯ ಏಣಿ ಮನುಷ್ಯರಿಗೆ ಮಾಡಿದ್ದು, ನಾಯಿಗೆ ಹತ್ತಲು ಬರುವುದಿಲ್ಲ. ಆಳದಲ್ಲಿ ಹಾರಿದ ಗುಂಡನನ್ನು ಹಿಡಿಕೆ ಹಿಡಿದು ಇಬ್ಬರು ಎಳೆಯಬೇಕಾಯಿತು. 12 ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳು ದೋಣಿ ಓಡುವಾಗ ಜಾಕೆಟ್ ಹಾಕಿರಲೇಬೇಕು. ಅದನ್ನು ಬಾಡಿಗೆಯವರೇ ಕೊಟ್ಟರು, ನಾಯಿಯದ್ದು ಮಾತ್ರ ನಮ್ಮದು. ಕೆರೆಯ ನೀರನ್ನು ನಾಯಿಗೆ ಕುಡಿಯಲು ಬಿಡಬೇಡಿ, ಬಾಟಲಿ ನೀರು ಜಾಸ್ತಿಯೇ ಇರಲಿ.

ಇನ್ನು ಕೌಂಟರಿನ ಕಥೆ. ಅಂಗಡಿಯ ಹೆಸರು ಹೇಳುವುದಿಲ್ಲ. ಫೋನಿನಲ್ಲಿ ಕೇಳಿದಾಗ ನಾಯಿಗೆ ಏನೂ ಚಾರ್ಜ್ ಇಲ್ಲ ಅಂದಿದ್ದರು. ಹೋದಾಗ ಕ್ಲೀನಿಂಗ್ ಫೀ ಅಂತ ಬಿಲ್ಲಿಗೆ ಸೇರಿಸಿದರು. ದೋಣಿ ವಾಪಸ್ ಕೊಡುವಾಗ ನನ್ನ ಗಂಡ ಸೋಫಾದ ಕೂದಲೆಲ್ಲ ಗುಡಿಸಿ ಕೊಟ್ಟರು, ಆದರೂ ಒಂದು ಡಾಲರ್ ಬಿಡಲಿಲ್ಲ. ಅದಕ್ಕಿಂತ ಬೇಸರದ ವಿಷಯ ಇನ್ನೊಂದು. ರೇನ್‌ಬೋ ಬ್ರಿಡ್ಜ್ ಅನ್ನುವ ಕಲ್ಲಿನ ಸಹಜ ಕಮಾನಿಗೆ ಹೋಗಿ ಬನ್ನಿ, ಚೆನ್ನಾಗಿದೆ ಅಂತ ಹುರಿದುಂಬಿಸಿದರು. ಗುಂಡ ಅವರ ಎದುರಿಗೇ ನಿಂತಿದ್ದ. ಅಲ್ಲಿ ನಾಯಿ ಬಿಡುವುದಿಲ್ಲ ಅನ್ನುವುದನ್ನು ಮಾತ್ರ ಹೇಳಲಿಲ್ಲ. ಮಗಳು ಪಾರ್ಕ್‌ನವರ ಪುಟ ಓದಿ ಹೇಳಿದ್ದಕ್ಕೆ ಸರಿಹೋಯಿತು. ಒಂದು ಕಡೆಗೇ ಸುಮಾರು 50 ಮೈಲಿ ನೀರಿನ ದಾರಿ ಅದು.

ಬುಕ್ ಮಾಡುವಾಗ ನಾಯಿಯ ವಿಷಯವನ್ನು ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಬೆಳಗಿನ ಹೊತ್ತಿನ ದೋಣಿಯನ್ನೇ ಕೇಳಿ, ಮಧ್ಯಾಹ್ನದ ಮೇಲೆ ಗಾಳಿ ಏಳುತ್ತದೆ, ಪಾಂಟೂನ್ ಗಾಳಿಗೆ ಪಕ್ಕಕ್ಕೆ ಸರಿಯುತ್ತದೆ. ಪೆಟ್ರೋಲ್ ಬಾಡಿಗೆಯಲ್ಲಿ ಸೇರಿಲ್ಲ. ಮತ್ತೆ ಕೈಗಡಿಯಾರ ಕಟ್ಟಿಕೊಂಡು ಹೋಗಿ. ಬೇಸಿಗೆಯಲ್ಲಿ ಪಕ್ಕದ ಯೂಟಾ ರಾಜ್ಯ ಮತ್ತು ನವಾಹೋ ನೆಲದ ಗಂಟೆ ಪೇಜ್‌ಗಿಂತ ಒಂದು ಗಂಟೆ ಮುಂದಿರುತ್ತದೆ. ಕೆರೆಯ ಮೇಲೆ ಫೋನ್ ಒಮ್ಮೆ ಈ ಟೈಮ್, ಒಮ್ಮೆ ಆ ಟೈಮ್ ತೋರಿಸುತ್ತದೆ. ದೋಣಿ ತಡವಾಗಿ ಕೊಟ್ಟರೆ ಅದಕ್ಕೂ ಬೇರೆ ಚಾರ್ಜ್ ಇದೆ.