ಫೀಸು ಹೇಗೆ ತಗೊಳ್ತಾರೆ ಅಂತ ಮೊದಲು ಕೇಳಿ: ಚೀನಾದ ಮೂರು ಖಾಸಗಿ ಇಂಗ್ಲಿಷ್ ಶಾಲೆಗಳಲ್ಲಿ ನನ್ನ ನಾಲ್ಕು ವರ್ಷ

2017ರ ಆಗಸ್ಟ್‌ನಿಂದ 2021ರ ಡಿಸೆಂಬರ್‌ವರೆಗೆ ನಾನು ಚೀನಾದ ಸಿಚುವಾನ್ ಪ್ರಾಂತ್ಯದಲ್ಲಿ ಮಕ್ಕಳಿಗೆ ಇಂಗ್ಲಿಷ್ ಕಲಿಸಿದೆ. ಮೂರು ಖಾಸಗಿ ಶಾಲೆ, ಎರಡು ಊರು. ಮೊದಲ ಎರಡು ಚೆಂಗ್ಡುವಿನಲ್ಲಿ. ಕೊನೆಯದು ಅಲ್ಲಿಂದ ವೇಗದ ರೈಲಿನಲ್ಲಿ ಮುಕ್ಕಾಲು ಗಂಟೆ ದೂರದ ಮಿಯಾನ್‌ಯಾಂಗ್‌ನಲ್ಲಿ. ಶಾಲೆ ಅಂದರೆ ನಮ್ಮ ಕಡೆ ಟ್ಯೂಷನ್ ಸೆಂಟರ್ ಅಂತೀವಲ್ಲ, ಅಂಥದ್ದು. ಮಕ್ಕಳು ಹಗಲು ಸರ್ಕಾರಿ ಶಾಲೆಗೆ ಹೋಗಿ, ಸಂಜೆ ಮತ್ತು ಶನಿವಾರ ಭಾನುವಾರ ಇಲ್ಲಿಗೆ ಬರುತ್ತಾರೆ.

ಈಗಲೂ ಮೈಸೂರಿನಿಂದ, ಕೆನಡಾದಿಂದ ಪರಿಚಯದವರು ಫೋನ್ ಮಾಡಿ ಯಾವ ಥರದ ಶಾಲೆ ಸೇರಬಹುದು ಅಂತ ಕೇಳುತ್ತಾರೆ. ಎಲ್ಲರ ಮೊದಲ ಪ್ರಶ್ನೆ ಸಂಬಳ ಎಷ್ಟು ಅಂತ. ನಾನೂ ಹಾಗೇ ಕೇಳಿದ್ದೆ. ಮೂರು ಕಡೆ ಕೆಲಸ ಮಾಡಿದ ಮೇಲೆ ನನ್ನ ಮೊದಲ ಪ್ರಶ್ನೆ ಬದಲಾಗಿದೆ. ಆ ಶಾಲೆ ಪೋಷಕರಿಂದ ಒಂದೇ ಸಲಕ್ಕೆ ಎಷ್ಟು ತಿಂಗಳ ಫೀಸು ಕಟ್ಟಿಸಿಕೊಳ್ಳುತ್ತದೆ? ನಿಮ್ಮ ಕ್ಲಾಸು, ನಿಮ್ಮ ರಜೆ, ಕೊನೆಗೆ ನಿಮ್ಮ ಸಂಬಳ ಕೂಡ ಆ ಒಂದು ವಿಷಯದ ಮೇಲೆ ನಿಂತಿರುತ್ತದೆ.

ಅದಕ್ಕೂ ಮೊದಲು ಪಾಸ್‌ಪೋರ್ಟ್ ವಿಷಯ ಹೇಳಿಬಿಡುತ್ತೇನೆ. ನಾನು ಮೈಸೂರಿನಲ್ಲಿ ಆರು ವರ್ಷ ಪಾಠ ಮಾಡಿ, ಆಮೇಲೆ ಕೆನಡಾಕ್ಕೆ ಹೋಗಿ ಅಲ್ಲಿನ ಪೌರತ್ವ ಪಡೆದವಳು. 2017ರ ಏಪ್ರಿಲ್‌ನಲ್ಲಿ ಚೀನಾ ಇಡೀ ದೇಶಕ್ಕೆ ಒಂದೇ ಕೆಲಸದ ಪರವಾನಗಿ ಪದ್ಧತಿ ತಂದಿತು. ಭಾಷೆ ಕಲಿಸುವವರು ಸಾಮಾನ್ಯವಾಗಿ ಆ ಭಾಷೆ ಮಾತೃಭಾಷೆಯಾಗಿರುವ ದೇಶದ ಪ್ರಜೆಗಳಾಗಿರಬೇಕು, ಪದವಿ ಇರಬೇಕು, ಜೊತೆಗೆ ಎರಡು ವರ್ಷದ ಅನುಭವವೋ ಬೋಧನೆಯ ಸರ್ಟಿಫಿಕೇಟೋ ಇರಬೇಕು. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಇಂಗ್ಲಿಷ್ ಶಿಕ್ಷಕರ ಪರವಾನಗಿ ಪಡೆಯುವುದು ತುಂಬಾ ಕಷ್ಟ. ಇದನ್ನೇ ಹಿಡಿದುಕೊಂಡು ಏಜೆಂಟರು "ಬಿಸಿನೆಸ್ ವೀಸಾದಲ್ಲಿ ಬನ್ನಿ, ಇಲ್ಲಿ ಬದಲಾಯಿಸಿಕೊಡ್ತೀವಿ" ಅನ್ನುತ್ತಾರೆ. ದಯವಿಟ್ಟು ಹೋಗಬೇಡಿ. ಅಲ್ಲಿನ ಕಾನೂನಿನಲ್ಲಿ ಪರವಾನಗಿ ಇಲ್ಲದೆ ಕೆಲಸ ಮಾಡಿದವರಿಗೆ 5,000ದಿಂದ 20,000 ಯುವಾನ್ ದಂಡ ಇದೆ. ಪ್ರಕರಣ ಗಂಭೀರವಾದರೆ 5ರಿಂದ 15 ದಿನ ಕೂಡಿಹಾಕುತ್ತಾರೆ. ಸರಿಯಾದ ದಾರಿ ಒಂದೇ. ಶಾಲೆ ಮೊದಲು ಪರವಾನಗಿಯ ಸೂಚನಾ ಪತ್ರ ಕಳಿಸಬೇಕು, ಅದನ್ನು ತೋರಿಸಿ ನೀವು ಝಡ್ ವೀಸಾ, ಅಂದರೆ ಕೆಲಸದ ವೀಸಾ, ಪಡೆಯಬೇಕು, ಇಳಿದ 30 ದಿನದೊಳಗೆ ವಾಸದ ಪರವಾನಗಿಗೆ ಅರ್ಜಿ ಹಾಕಬೇಕು. ನನ್ನದು ಮೈಸೂರು ವಿಶ್ವವಿದ್ಯಾಲಯದ ಪದವಿ. ಅದಕ್ಕೆ ಬೆಂಗಳೂರಿನ ಮುದ್ರೆ, ದೆಹಲಿಯ ವಿದೇಶಾಂಗ ಇಲಾಖೆಯ ಮುದ್ರೆ, ಕೊನೆಗೆ ಚೀನಾ ರಾಯಭಾರ ಕಚೇರಿಯ ಮುದ್ರೆ ಬೀಳುವಷ್ಟರಲ್ಲಿ ಎರಡೂವರೆ ತಿಂಗಳು ಹೋಯಿತು. ನನ್ನ ತಮ್ಮ ಇದಕ್ಕಾಗಿ ಎಷ್ಟು ಓಡಾಡಿದ ಅಂತ ನನಗೆ ಮಾತ್ರ ಗೊತ್ತು.

ಮೊದಲ ಶಾಲೆ ದೊಡ್ಡ ಸರಣಿಯೊಂದರ ಶಾಖೆ. ಶಾಪಿಂಗ್ ಮಾಲ್‌ನ ನಾಲ್ಕನೇ ಮಹಡಿ. ಎಲ್ಲ ಕ್ಲಾಸ್‌ರೂಮಿಗೂ ಗಾಜಿನ ಗೋಡೆ. ಹೊರಗೆ ಅಜ್ಜಿ ತಾತಂದಿರು ಸ್ಟೂಲ್ ಹಾಕಿಕೊಂಡು ಕೂತು ಒಳಗೆ ಮೊಮ್ಮಕ್ಕಳನ್ನು ನೋಡುತ್ತಿದ್ದರು. ಸಂಬಳ 13,000 ಯುವಾನ್, ಮನೆ ಬಾಡಿಗೆಗೆ ಬೇರೆ ಹಣ. ತಿಂಗಳ 15ಕ್ಕೆ ತಪ್ಪದೆ ಬರುತ್ತಿತ್ತು. ಮೊದಲ ಎರಡು ವಾರ ತರಬೇತಿ ಕೊಟ್ಟರು. ನಾಲ್ಕು ವರ್ಷದ ಮಗುವಿಗೆ ಒಂದೂ ಚೀನೀ ಪದ ಬಳಸದೆ ಪಾಠ ಮಾಡುವುದನ್ನು ನಾನು ಕಲಿತಿದ್ದು ಅಲ್ಲೇ. ಆರು ವರ್ಷದ ಅನುಭವ ಇದ್ದ ನನಗೂ ಅದು ಹೊಸದು. ಪುಸ್ತಕ, ಚಿತ್ರ, ಆಟದ ಸಾಮಾನು ಎಲ್ಲ ರೆಡಿ ಇರುತ್ತಿತ್ತು. ಮೊದಲ ಸಲ ಹೋಗುವವರಿಗೆ ಇದು ದೊಡ್ಡ ಅನುಕೂಲ.

ಆದರೆ ಅಲ್ಲಿ ಫೀಸು ಒಂದು ವರ್ಷದ್ದೋ ಎರಡು ವರ್ಷದ್ದೋ ಒಟ್ಟಿಗೆ. ಅದನ್ನು ಕಟ್ಟಿಸುವುದೇ ಕೆಲಸವಾಗಿದ್ದ ಎಂಟು ಜನ ಸಲಹೆಗಾರರಿದ್ದರು. ಪಾಠ ಮಾಡುವ ನಾವು ಐದು ಜನ. ಈ ಲೆಕ್ಕ ನೋಡಿದರೆ ಆ ಜಾಗ ಯಾವುದಕ್ಕೆ ನಡೆಯುತ್ತಿತ್ತು ಅಂತ ಅರ್ಥವಾಗುತ್ತದೆ, ಅಲ್ವಾ? ವಾರಕ್ಕೆ 25 ಗಂಟೆ ಪಾಠ ಅಂತ ಒಪ್ಪಂದದಲ್ಲಿತ್ತು. ಡೆಮೊ ಕ್ಲಾಸನ್ನು ಅದರಲ್ಲಿ ಸೇರಿಸುತ್ತಿರಲಿಲ್ಲ. ಹೊಸ ಪೋಷಕರು ಬಂದಾಗೆಲ್ಲ ಊಟ ಬಿಟ್ಟು ಓಡಬೇಕು. ಅಕ್ಷರ ಗೊತ್ತಿಲ್ಲದ ಮಗುವನ್ನು ಎರಡನೇ ಹಂತಕ್ಕೆ ಹಾಕುತ್ತಿದ್ದರು, ಯಾಕೆಂದರೆ ಆ ಹಂತದಲ್ಲಿ ಸೀಟು ಖಾಲಿ ಇತ್ತು. ಪಾಪ, ಆ ಮಗು ತಲೆ ತಗ್ಗಿಸಿಕೊಂಡು ಕೂರುತ್ತಿತ್ತು. ಹೊರಗೆ ಅಜ್ಜಿ ಗಾಜಿಗೆ ಮುಖ ಒತ್ತಿಕೊಂಡು ನೋಡುತ್ತಿದ್ದರು. ನಾನು ಎರಡು ಸಲ ಹೇಳಿದೆ. ಬದಲಾಗಲಿಲ್ಲ.

ಇನ್ನೊಂದು ವಿಷಯ ನೇರವಾಗಿ ಹೇಳಬೇಕು. ನನ್ನ ಫೋಟೋ ಅವರ ಯಾವ ಕರಪತ್ರದಲ್ಲೂ ಬರಲಿಲ್ಲ. ಪೋಷಕರಿಗೆ ಬಿಳಿ ಮುಖ ಬೇಕು ಅಂತ ಮ್ಯಾನೇಜರ್ ನನ್ನೆದುರಿಗೇ ಹೇಳಿದರು. ನಮ್ಮ ಬಣ್ಣದವರು ಅರ್ಜಿ ಹಾಕುವಾಗ ಇದಕ್ಕೆ ತಯಾರಿರಬೇಕು. ವಿಡಿಯೋ ಸಂದರ್ಶನದಲ್ಲೇ "ನನ್ನ ಬಗ್ಗೆ ಪೋಷಕರಿಗೆ ಏನು ಹೇಳುತ್ತೀರಿ?" ಅಂತ ಕೇಳಿ. ಉತ್ತರ ತಡವರಿಸಿದರೆ ಆ ಶಾಲೆ ಬಿಡಿ. ಇದು ನೋವಾಗುತ್ತದೆ, ಪ್ರತಿದಿನ ಆಗುತ್ತದೆ. ಸಂಬಳದಿಂದ ತುಂಬುವ ನೋವಲ್ಲ.

ವರ್ಷ ಮುಗಿಸಿ ಎರಡನೇ ಶಾಲೆಗೆ ಹೋದೆ. ಅಲ್ಲಿ 17,000 ಯುವಾನ್ ಕೊಡುತ್ತೇವೆ ಅಂದರು. ನಾನು ಸಂಬಳ ನೋಡಿ ಆರಿಸಿದ್ದು ಅದೊಂದೇ ಸಲ. ಊರಲ್ಲಿ ಮೂರು ಶಾಖೆ ಇದ್ದ, ಒಬ್ಬರೇ ಮಾಲೀಕರ ಶಾಲೆ. ನಾನು ಸೇರಿದ 2018ರ ಆಗಸ್ಟ್‌ನಲ್ಲೇ ಚೀನಾ ಸರ್ಕಾರ ಇಂಥ ಟ್ಯೂಷನ್ ಸಂಸ್ಥೆಗಳಿಗೆ ಒಂದು ನಿಯಮ ತಂದಿತು. ಒಂದೇ ಸಲಕ್ಕೆ ಮೂರು ತಿಂಗಳಿಗಿಂತ ಜಾಸ್ತಿ ಅವಧಿಯ ಫೀಸು ತಗೊಳ್ಳುವಂತಿಲ್ಲ, ರಾತ್ರಿ ಎಂಟೂವರೆಯೊಳಗೆ ಕ್ಲಾಸು ಮುಗಿಯಬೇಕು. ನಮ್ಮಲ್ಲಿ ಎಂಟೂವರೆ ನಿಯಮ ಪಾಲಿಸಿದರು. ಫೀಸಿನ ನಿಯಮ ಪಾಲಿಸಲಿಲ್ಲ. ಎರಡು ವರ್ಷದ್ದು ಕಟ್ಟಿದರೆ ಟ್ಯಾಬ್ ಉಚಿತ ಅಂತ ಬೋರ್ಡ್ ಹಾಕಿದ್ದರು. ಆ ಹಣದಲ್ಲಿ ನಾಲ್ಕನೇ ಶಾಖೆ ತೆರೆದರು. ಹೊಸ ಶಾಖೆಯ ಬಾಡಿಗೆಗೆ ಇನ್ನಷ್ಟು ಹೊಸ ಮಕ್ಕಳು ಬೇಕಾದರು. ಮಕ್ಕಳು ಬರಲಿಲ್ಲ.

2019ರ ಆಗಸ್ಟ್ ಸಂಬಳ ಹತ್ತು ದಿನ ತಡವಾಯಿತು. ಸೆಪ್ಟೆಂಬರ್‌ದು ಅರ್ಧ ಬಂತು. ಅಕ್ಟೋಬರ್‌ನಲ್ಲಿ ಒಂದು ಬುಧವಾರ ಹೋದರೆ ಷಟರ್ ಎಳೆದಿತ್ತು. ಅದೇ ಹೊತ್ತಿಗೆ ವೆಬ್ ಇಂಟರ್‌ನ್ಯಾಷನಲ್ ಎಂಬ ದೊಡ್ಡ ಇಂಗ್ಲಿಷ್ ಸರಣಿಯೂ ಹಲವು ಊರುಗಳಲ್ಲಿ ಬಾಗಿಲು ಹಾಕಿತ್ತು, ಹಾಗಾಗಿ ಪೋಷಕರಿಗೆ ಏನಾಗಿದೆ ಅಂತ ಬೇಗ ತಿಳಿಯಿತು. ರಸೀದಿ ಹಿಡಿದುಕೊಂಡು ಷಟರ್ ಮುಂದೆ ನಿಂತಿದ್ದರು. ನನ್ನ ಕ್ಲಾಸಿನ ಒಬ್ಬ ಹುಡುಗನ ಅಜ್ಜಿ ನನ್ನ ಕೈ ಹಿಡಿದುಕೊಂಡು "ಲಾವ್‌ಷಿ, ಶನಿವಾರ ಕ್ಲಾಸ್ ಇದೆಯಾ?" ಅಂದರು. ಲಾವ್‌ಷಿ ಅಂದರೆ ಮೇಷ್ಟ್ರು, ಮೇಡಂ, ಎರಡೂ. ಅವರ ಮನೆಗೇ ಹೋಗಿ ಸುಮ್ನೆ ಪಾಠ ಮಾಡಿಬಿಡೋಣ ಅನ್ನಿಸಿತು. ಆದರೆ ನಮ್ಮ ಪರವಾನಗಿ ಒಂದೇ ಸಂಸ್ಥೆಗೆ ಕಟ್ಟಿರುತ್ತದೆ. ಬೇರೆ ಎಲ್ಲಿ ಪಾಠ ಮಾಡಿದರೂ ಅದು ಅಕ್ರಮ ಕೆಲಸ. ನನಗೆ ಬರಬೇಕಿದ್ದ ಒಂದೂವರೆ ತಿಂಗಳ ಸಂಬಳಕ್ಕಿಂತ ಆ ಅಜ್ಜಿಗೆ ಉತ್ತರ ಕೊಡಲಾಗದೆ ನಿಂತಿದ್ದು ಇವತ್ತಿಗೂ ಜಾಸ್ತಿ ಕಾಡುತ್ತದೆ.

ಕಾರ್ಮಿಕ ಪಂಚಾಯ್ತಿ ಕಚೇರಿಗೆ ದೂರು ಕೊಟ್ಟೆವು. ಅದಕ್ಕೆ ಶುಲ್ಕ ಇಲ್ಲ, ಒಂದು ವರ್ಷದೊಳಗೆ ಕೊಡಬೇಕು. ಕೆಲಸದ ಪರವಾನಗಿ ಸರಿಯಾಗಿರುವ ವಿದೇಶೀಯರೂ ಹೋಗಬಹುದು. ಅಲ್ಲಿ ನಡೆಯುವುದು ಒಪ್ಪಂದದ ಚೀನೀ ಪ್ರತಿ ಮಾತ್ರ. ನನ್ನ ಇಂಗ್ಲಿಷ್ ಪ್ರತಿಯಲ್ಲಿ 17,000 ಅಂತಿತ್ತು. ಚೀನೀ ಪ್ರತಿಯಲ್ಲಿ 9,000 ಸಂಬಳ, ಉಳಿದದ್ದು ಕೆಲಸ ನೋಡಿ ಕೊಡುವ ಬೋನಸ್. ಕೊನೆಗೆ ನನ್ನ ಕೈಗೆ ಬಂದಿದ್ದು 9,000ದ ಲೆಕ್ಕದಲ್ಲಿ. ಸಹಿ ಹಾಕುವ ಮುಂಚೆ ಚೀನೀ ಓದಬಲ್ಲ, ಆ ಶಾಲೆಗೆ ಸಂಬಂಧವಿಲ್ಲದ ಒಬ್ಬರಿಂದ ಸಾಲು ಸಾಲಾಗಿ ಓದಿಸಿ. ಪರವಾನಗಿಯಲ್ಲಿರುವ ಸಂಸ್ಥೆಯ ಹೆಸರು, ಒಪ್ಪಂದದ ಕೆಂಪು ಮುದ್ರೆಯಲ್ಲಿರುವ ಹೆಸರು, ಗೋಡೆಗೆ ತೂಗುಹಾಕಿದ ಲೈಸೆನ್ಸಿನ ಹೆಸರು, ಮೂರೂ ಒಂದೇನಾ ಅಂತ ನೋಡಿ. ಗೋಡೆಯ ಮೇಲೆ ಬರೀ ವ್ಯಾಪಾರದ ಲೈಸೆನ್ಸ್ ಇದ್ದು, ಶಾಲೆ ನಡೆಸುವ ಲೈಸೆನ್ಸ್ ಇಲ್ಲದಿದ್ದರೆ ಮುಂದೆ ಮಾತಾಡಬೇಡಿ.

ಬೇರೆ ಕಡೆ ಸೇರಲು ಹಳೇ ಶಾಲೆಯ ಬಿಡುಗಡೆ ಪತ್ರ ಬೇಕು. ಮಾಲೀಕರೇ ನಾಪತ್ತೆಯಾದರೆ ಪತ್ರ ಕೊಡುವವರು ಯಾರು? ನಮ್ಮ ಲೆಕ್ಕ ಬರೆಯುವ ಹೆಂಗಸು, ಅವರಿಗೂ ಮೂರು ತಿಂಗಳ ಸಂಬಳ ಬಾಕಿ, ಶಾಲೆಯ ಮುದ್ರೆ ತಮ್ಮ ಕೈಯಲ್ಲಿದ್ದ ಕೊನೆಯ ದಿನ ಏಳೂ ಜನ ವಿದೇಶಿ ಶಿಕ್ಷಕರಿಗೆ ಪತ್ರ ಮಾಡಿಕೊಟ್ಟು ಹೋದರು. ಅವರಿಲ್ಲದಿದ್ದರೆ ನಾನು ಅವತ್ತೇ ಗಂಟುಮೂಟೆ ಕಟ್ಟಬೇಕಿತ್ತು.

ಮೂರನೆಯದು ಮಿಯಾನ್‌ಯಾಂಗ್‌ನ ಚಿಕ್ಕ ಶಾಲೆ. ನಡೆಸುತ್ತಿದ್ದ ಮೇಡಂ ಮೊದಲು ಮಿಡ್ಲ್ ಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್ ಆಗಿದ್ದವರು. ತೊಂಬತ್ತು ಮಕ್ಕಳು, ಮೂರು ಕೋಣೆ, ಸಲಹೆಗಾರರು ಒಬ್ಬರೂ ಇಲ್ಲ. ಫೀಸು ಟರ್ಮ್‌ಗೊಮ್ಮೆ ಮಾತ್ರ. ಸಂಬಳ 11,000 ಮತ್ತು ವಾಸಕ್ಕೆ ಮನೆ. ನಾನು ಕೇಳುವ ಮೊದಲೇ "ಒಂದು ದಿನ ಬಂದು ಕೂತು ನೋಡಿ, ಹಳೇ ಟೀಚರ್ ಹತ್ತಿರ ಮಾತಾಡಿ, ನಾನು ಅಲ್ಲಿರಲ್ಲ" ಅಂದರು. ಹೊಸ ಮಗು ಬಂದರೆ ನಾನು ಹತ್ತು ನಿಮಿಷ ಮಾತಾಡಿಸಿ ಯಾವ ಹಂತ ಅಂತ ಹೇಳುತ್ತಿದ್ದೆ, ಅದೇ ಕೊನೆ ಮಾತು. ಸಾಮಾಜಿಕ ವಿಮೆಯನ್ನೂ ತಿಂಗಳು ತಿಂಗಳು ಕಟ್ಟಿದರು. ದೇಶ ಬಿಡುವಾಗ ಪಿಂಚಣಿ ಖಾತೆಯ ನಮ್ಮ ಪಾಲು ವಾಪಸ್ ಸಿಗುತ್ತದೆ, ಹಿಂದಿನ ಕಡೆ ಅದನ್ನು ಕಟ್ಟಿಯೇ ಇರಲಿಲ್ಲ. ನಾನು ಭಾರತದಲ್ಲಿ ಹುಟ್ಟಿ ಕೆನಡಾದ ಪ್ರಜೆಯಾದವಳು ಅಂತ ಪೋಷಕರಿಗೆ ಮೊದಲ ದಿನವೇ ಹೇಳಿ, ನನ್ನ ಫೋಟೋ ಬಾಗಿಲ ಪಕ್ಕ ಹಾಕಿದರು. ಮಕ್ಕಳು ತಮ್ಮ ಹೆಸರನ್ನು ಕನ್ನಡದಲ್ಲಿ ಬರೆಸಿಕೊಂಡು ಪೆನ್ಸಿಲ್ ಬಾಕ್ಸಿಗೆ ಅಂಟಿಸಿಕೊಂಡಿದ್ದರು.

ಕೊರತೆಗಳೂ ಇದ್ದವು. ಪಠ್ಯಕ್ರಮ ಅಂತ ಏನೂ ಇರಲಿಲ್ಲ, ಜೆರಾಕ್ಸ್ ಹಾಳೆಗಳೇ ಗತಿ. ಪಾಠದ ತಯಾರಿ ಎಲ್ಲ ನನ್ನ ತಲೆ ಮೇಲೆ. ರಾತ್ರಿ ಹತ್ತೂವರೆಗೂ ವೀಚಾಟ್‌ನಲ್ಲಿ, ಅಂದರೆ ಅಲ್ಲಿನ ವಾಟ್ಸಾಪ್‌ನಲ್ಲಿ, ಮೆಸೇಜ್ ಬರುತ್ತಿತ್ತು. ಸಿಚುವಾನ್‌ನಲ್ಲಿ ಉತ್ತರ ಚೀನಾದ ಥರ ಕಟ್ಟಡ ಬೆಚ್ಚಗಿಡುವ ಸರ್ಕಾರಿ ವ್ಯವಸ್ಥೆ ಇಲ್ಲ, ಜನವರಿಯಲ್ಲಿ ಮಕ್ಕಳೂ ನಾನೂ ದಪ್ಪ ಕೋಟಲ್ಲೇ ಪಾಠ. ಸುತ್ತ ಇಂಗ್ಲಿಷ್ ಮಾತಾಡುವವರು ಕಡಿಮೆ, ಸೋಮವಾರ ಮಂಗಳವಾರ ರಜೆ ಅಂದರೆ ಉಳಿದವರೆಲ್ಲ ಕೆಲಸದಲ್ಲಿರುವ ದಿನ. ಸಸ್ಯಾಹಾರಿಗಳು ಅಡುಗೆ ಕಲಿತು ಹೋಗಿ. ಮೊದಲ ಸಲ ಹೋಗುವವರು, ಪಾಠದ ಅನುಭವ ಇಲ್ಲದವರು ಇಂಥ ಶಾಲೆಯಿಂದ ಶುರು ಮಾಡುವುದು ಬೇಡ ಅಂತಲೇ ಹೇಳುತ್ತೇನೆ. ಒಂದು ವರ್ಷ ದೊಡ್ಡ ಕಡೆ ಕಲಿತು ಬನ್ನಿ.

2020ರ ಫೆಬ್ರವರಿಯಿಂದ ಕೊರೊನಾ, ಕ್ಲಾಸೆಲ್ಲ ಫೋನಿನಲ್ಲಿ. ಸಂಬಳ ಎರಡು ತಿಂಗಳು ಮುಕ್ಕಾಲು ಭಾಗ ಬಂತು, ಜೂನ್‌ನಲ್ಲಿ ಉಳಿದದ್ದನ್ನೂ ಕೊಟ್ಟರು. 2021ರ ಜುಲೈನಲ್ಲಿ ಬಂದ ನಿಯಮವನ್ನು ಮಾತ್ರ ತಡೆದುಕೊಳ್ಳಲು ಆಗಲಿಲ್ಲ. ಶಾಲೆಯ ಪಠ್ಯ ವಿಷಯಗಳನ್ನು ಲಾಭಕ್ಕೆ ಕಲಿಸುವಂತಿಲ್ಲ, ವಾರಾಂತ್ಯ ಮತ್ತು ರಜೆಯಲ್ಲಿ ಕ್ಲಾಸು ನಡೆಸುವಂತಿಲ್ಲ. ಇಂಗ್ಲಿಷ್ ಕೂಡ ಪಠ್ಯ ವಿಷಯ. ನ್ಯೂ ಓರಿಯೆಂಟಲ್‌ನಂಥ ದೈತ್ಯ ಟ್ಯೂಷನ್ ಸಂಸ್ಥೆಯೇ ಆ ವರ್ಷ 60,000 ಜನರನ್ನು ಕೆಲಸದಿಂದ ತೆಗೆಯಿತು. ಈಗ ಅಲ್ಲಿಗೆ ಹೋಗುವವರಿಗೆ ಕಿಂಡರ್‌ಗಾರ್ಟನ್, ಅಂತರರಾಷ್ಟ್ರೀಯ ಶಾಲೆ, ದೊಡ್ಡವರಿಗೆ ಕಲಿಸುವ ಕೇಂದ್ರ, ಇಂಥ ಕಡೆಗಳಲ್ಲೇ ಜಾಸ್ತಿ ಅವಕಾಶ. ಅಲ್ಲೂ ಫೀಸಿನ ಪ್ರಶ್ನೆಯನ್ನೇ ಮೊದಲು ಕೇಳಿ.

ನಮ್ಮ ಮೇಡಂ ಡಿಸೆಂಬರ್‌ನಲ್ಲಿ ಶಾಲೆ ಮುಚ್ಚಿದರು. ಟರ್ಮ್ ಫೀಸು ಮಾತ್ರ ತಗೊಂಡಿದ್ದರಿಂದ ಉಳಿದ ಕ್ಲಾಸುಗಳ ಹಣವನ್ನು ಎಲ್ಲ ಮನೆಗೂ ಎರಡು ವಾರದಲ್ಲಿ ವಾಪಸ್ ಕೊಟ್ಟರು. ಲಕೋಟೆಗಳ ಮೇಲೆ ಮಕ್ಕಳ ಹೆಸರು ಬರೆದಿದ್ದು ನಾನೇ. ಕೊನೆಯ ದಿನ ನನ್ನ ರಜೆ ದಿನಗಳ ಲೆಕ್ಕವನ್ನು ಎದುರಿಗೇ ಕೂತು ಮಾಡಿದರು. ಬಿಡುಗಡೆ ಪತ್ರ ಕೇಳಬೇಕು ಅಂತ ಬಾಯಿ ತೆರೆಯುವಷ್ಟರಲ್ಲಿ ಅದು ಮೇಜಿನ ಮೇಲಿತ್ತು, ಕೆಂಪು ಮುದ್ರೆ ಇನ್ನೂ ಹಸಿ.